ಓದುಗರ ಪ್ರಶ್ನೆ, ನಮ್ಮ ಉತ್ತರ: ಹಡ್ಸನ್ ದೊರೆಯ ಒಡ್ಡೋಲಗ

ಕಳೆದ ಸಂಚಿಕೆಯಲ್ಲಿ ಇದೇ ಪುಟದಲ್ಲಿ ಲಂಡನ್ನಿನ ‘ಪಂಚ್’ ವಾರಪತ್ರಿಕೆಯ 1845ರ ಒಂದು ವ್ಯಂಗ್ಯಚಿತ್ರವನ್ನು ಮರುಮುದ್ರಿಸಿ, ಅದಕ್ಕೆ ‘ಹಡ್ಸನ್ ದೊರೆಯ ಒಡ್ಡೋಲಗ’ ಎಂದು ಕನ್ನಡದ ಹೆಸರು ಕೊಟ್ಟಿದ್ದೆವು. ರೈಲ್ವೆ ಕಂಪನಿಗಳ ಒಡೆಯನೊಬ್ಬನ ಮುಂದೆ ಗಣ್ಯರೆಲ್ಲ ಬಾಗಿ ನಿಂತ ಆ ಚಿತ್ರದ ಬಗ್ಗೆ, ಹಾಗೂ ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲೆಂಡಿನಲ್ಲಿ ವ್ಯಾಪಾರಸ್ಥರನ್ನೂ ಹೂಡಿಕೆದಾರರನ್ನೂ ಕುರಿತು ಬಂದ ಅಂಥ ಇತರ ಚಿತ್ರಗಳ ಬಗ್ಗೆ ಕರಾವಳಿಯ ನಾನಾ ಊರುಗಳಿಂದ ಪತ್ರಗಳು ಬಂದಿವೆ. ಈ ಸಲದ ಪುಟವನ್ನು ಪೂರ್ತಿಯಾಗಿ ಅವುಗಳಿಗೇ ಮೀಸಲಿಟ್ಟಿದ್ದೇನೆ. ಕೆಲವರ ಕೋರಿಕೆಯನ್ನು ಮನ್ನಿಸಿ ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ಯಕ್ಷಗಾನದ ಒಡ್ಡೋಲಗಗಳನ್ನು ನೋಡುತ್ತಲೇ ಬೆಳೆದ ನನಗೆ ನೀವು ಕೊಟ್ಟ ಹೆಸರು ಬಹಳ ಹಿಡಿಸಿತು. ಆದರೆ ಈ ಹಡ್ಸನ್ ಯಾರು, ಅವನನ್ನು ದೊರೆ ಎಂದು ಕರೆದದ್ದು ಹೊಗಳಿಕೆಗೋ ತೆಗಳಿಕೆಗೋ ಎಂಬುದು ತಿಳಿಯಲಿಲ್ಲ. ದಯವಿಟ್ಟು ವಿವರಿಸಿ.
— ನಿವೃತ್ತ ಶಿಕ್ಷಕಿ, ಕಾರ್ಕಳ

ಉತ್ತರ: ಮೊದಲು ಅದು ಹೊಗಳಿಕೆಯೇ ಆಗಿತ್ತು ಮೇಡಂ. ಜಾರ್ಜ್ ಹಡ್ಸನ್ ಹುಟ್ಟಿದ್ದು 1800ರಲ್ಲಿ. ಯಾರ್ಕ್ ನಗರದಲ್ಲಿ ಬಟ್ಟೆ ವ್ಯಾಪಾರ ಮಾಡಿಕೊಂಡಿದ್ದವನು. 1827ರಲ್ಲಿ ಬಂಧುವೊಬ್ಬರಿಂದ 30,000 ಪೌಂಡ್ ಆಸ್ತಿ ಅವನಿಗೆ ಬಂತು. ಅಲ್ಲಿಂದ ನಗರದ ಮೇಯರ್ ಆಗಿ, ರೈಲ್ವೆ ಕಂಪನಿಗಳನ್ನು ಒಂದಕ್ಕೊಂದು ಜೋಡಿಸುತ್ತಾ ಹೋಗಿ, 1840ರ ದಶಕದ ನಡುವಿಗೆ ಸಾವಿರಕ್ಕೂ ಹೆಚ್ಚು ಮೈಲಿ ಹಳಿಗಳ ಮೇಲೆ ಹಿಡಿತ ಸಾಧಿಸಿದನು. 1845ರಲ್ಲಿ ಸಂಡರ್‌ಲ್ಯಾಂಡ್ ಕ್ಷೇತ್ರದಿಂದ ಪಾರ್ಲಿಮೆಂಟಿಗೂ ಆರಿಸಿ ಬಂದನು. ಜನ ಅವನನ್ನು ‘ರೈಲ್ವೆ ದೊರೆ’ ಎಂದು ಮೆಚ್ಚಿಕೆಯಿಂದಲೇ ಕರೆಯುತ್ತಿದ್ದರು. ಚಿತ್ರಕಾರ ಮಾಡಿದ್ದು ಇಷ್ಟೇ: ಜನರ ಬಾಯಲ್ಲಿದ್ದ ಮಾತನ್ನು ಅಕ್ಷರಶಃ ನಂಬಿದವನಂತೆ, ದೊರೆಯೆಂದ ಮೇಲೆ ಆಸ್ಥಾನವೂ ಇರಬೇಕಲ್ಲ ಎಂದು ಆಸ್ಥಾನವನ್ನು ಬರೆದನು. ನಮ್ಮ ಮೇಳಗಳಲ್ಲಿ ಒಡ್ಡೋಲಗದ ದೊರೆಯ ಪ್ರತಾಪವೆಲ್ಲ ಮೊದಲು ಅವನ ಕುಣಿತದಲ್ಲಿ, ಚೆಂಡೆಯ ಪೆಟ್ಟಿನಲ್ಲಿ, ಅಕ್ಕಪಕ್ಕದ ಪರಿವಾರದಲ್ಲಿ ಕಾಣಿಸುತ್ತದೆ; ಅವನು ಬಾಯಿ ತೆರೆದು ‘ನಾನಾರು’ ಎನ್ನುವುದು ಆಮೇಲೆ. ಈ ಚಿತ್ರದಲ್ಲಿಯೂ ನನ್ನ ಕಣ್ಣು ಹಡ್ಸನ್ನನಿಗಿಂತ ಹೆಚ್ಚಾಗಿ ಅವನ ಎದುರು ಬಾಗಿದ ಬೆನ್ನುಗಳ ಮೇಲೆ ನಿಲ್ಲುತ್ತದೆ. ಬಟ್ಟೆ ವ್ಯಾಪಾರಿಯನ್ನು ದೊರೆ ಮಾಡಿದ್ದು ಆ ಬೆನ್ನುಗಳು. ಈ ಪ್ರಕಾರದ ಚಿತ್ರಗಳಲ್ಲಿ ಉತ್ತಮವಾದವೆಲ್ಲ ಮೋಸಗಾರನ ಮುಖಕ್ಕಿಂತ ಅವನ ಮೇಲಿನ ನಂಬಿಕೆ ಹೇಗೆ ಕಟ್ಟಲ್ಪಟ್ಟಿತು ಎಂಬುದನ್ನು ತೋರಿಸುತ್ತವೆ ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ.

ಹಿನ್ನೆಲೆಯನ್ನು ಸ್ವಲ್ಪ ಹೇಳಬೇಕು. 1844ರಿಂದ 1846ರವರೆಗೆ ಇಂಗ್ಲೆಂಡಿಗೆ ಹಿಡಿದ ಹುಚ್ಚನ್ನು ಇತಿಹಾಸಕಾರರು ‘ರೈಲ್ವೆ ಮೇನಿಯಾ’ ಎಂದೇ ಕರೆಯುತ್ತಾರೆ. ಹೊಸ ಮಾರ್ಗ ಹಾಕಬೇಕಾದರೆ ಪಾರ್ಲಿಮೆಂಟಿನಲ್ಲಿ ಪ್ರತ್ಯೇಕ ಕಾಯಿದೆಯೇ ಆಗಬೇಕಿತ್ತು. 1846ರ ಒಂದೇ ವರ್ಷದಲ್ಲಿ ಅಂಥ ಇನ್ನೂರೈವತ್ತಕ್ಕೂ ಹೆಚ್ಚು ಕಾಯಿದೆಗಳು ಆದವು. 1845ರ ನವೆಂಬರ್ 30 ನಕ್ಷೆಗಳನ್ನು ಸರಕಾರಕ್ಕೆ ಒಪ್ಪಿಸುವ ಕಡೆಯ ದಿನವಾಗಿದ್ದುದರಿಂದ, ಕುದುರೆಗಾಡಿಗಳಲ್ಲಿಯೂ ವಿಶೇಷ ರೈಲುಗಳಲ್ಲಿಯೂ ನಕ್ಷೆಯ ಸುರುಳಿಗಳನ್ನು ಹೊತ್ತುಕೊಂಡು ಜನ ಲಂಡನ್ನಿಗೆ ಓಡಿದರು. ಷೇರು ಕೊಳ್ಳುವವನು ಮೊದಲಿಗೆ ಹತ್ತರಲ್ಲಿ ಒಂದು ಪಾಲಿನಷ್ಟು ಹಣ ಕಟ್ಟಿದರೆ ಸಾಕಿತ್ತು. ಉಳಿದದ್ದನ್ನು ಕಂಪನಿ ಕೇಳಿದಾಗಲೆಲ್ಲ ಕಂತಿನಲ್ಲಿ ಕಟ್ಟಬೇಕು. ಆ ಬೇಡಿಕೆಗೆ ‘ಕಾಲ್’ ಎನ್ನುತ್ತಿದ್ದರು. ಕೈಯಲ್ಲಿ ನೂರು ಇದ್ದವನು ಸಾವಿರದ ಷೇರು ಹಿಡಿದ; ಕಾಲ್‌ಗಳು ಒಂದರ ಹಿಂದೊಂದು ಬರತೊಡಗಿದಾಗ ಮನೆಯ ಪಾತ್ರೆಪಗಡೆ ಮಾರುವ ಗತಿಗೆ ಬಂದ. ಮಂಜೂರಾದ ಮಾರ್ಗಗಳಲ್ಲಿ ಸುಮಾರು ಮೂರನೆಯ ಒಂದು ಪಾಲಿನಲ್ಲಿ ಎಂದೂ ಹಳಿ ಬೀಳಲೇ ಇಲ್ಲ.

ಹಡ್ಸನ್ನನ ಪತನ 1849ರಲ್ಲಿ ಆಯಿತು. ಷೇರುದಾರರ ಸಮಿತಿಗಳು ಲೆಕ್ಕ ತೆಗೆಸಿ ನೋಡಿದಾಗ, ಅವನು ಲಾಭಾಂಶವೆಂದು ಹಂಚುತ್ತಿದ್ದದ್ದರಲ್ಲಿ ಕಂಪನಿಯ ಬಂಡವಾಳದ ಹಣವೂ ಸೇರಿತ್ತೆಂದು ಕಂಡುಬಂತು. ಅಡಿಕೆ ತೋಟದ ಯಜಮಾನನೊಬ್ಬ ಪ್ರತಿವರ್ಷ ‘ಇದು ಫಸಲಿನ ದುಡ್ಡು’ ಎಂದು ಅಣ್ಣತಮ್ಮಂದಿರಿಗೆ ಹಂಚುತ್ತಾ ಬಂದು, ಆ ದುಡ್ಡು ತೋಟದ ಮೂಲೆಯನ್ನೇ ತುಂಡು ತುಂಡಾಗಿ ಮಾರಿದ್ದರಿಂದ ಬಂದದ್ದು ಎಂದು ಕಡೆಗೊಂದು ದಿನ ಗೊತ್ತಾದರೆ ಹೇಗಿರುತ್ತದೆಯೋ ಹಾಗೆ. ಮುಂದೆ 1865ರಲ್ಲಿ ಸಾಲಕ್ಕಾಗಿ ಯಾರ್ಕಿನ ಸೆರೆಮನೆಯನ್ನೂ ಕಂಡು, 1871ರಲ್ಲಿ ಅವನು ತೀರಿಕೊಂಡನು.

ಪ್ರಶ್ನೆ: ನಾನು ಚಿತ್ರಕಲೆಯ ವಿದ್ಯಾರ್ಥಿನಿ. ಫೋಟೊ ಬ್ಲಾಕ್ ಕೂಡ ಇಲ್ಲದ ಕಾಲದಲ್ಲಿ ವಾರವಾರವೂ ಅಷ್ಟು ಸೂಕ್ಷ್ಮವಾದ ಗೆರೆಗಳ ಚಿತ್ರವನ್ನು ಅಚ್ಚು ಮಾಡುತ್ತಿದ್ದದ್ದು ಹೇಗೆ?
— ಮಣಿಪಾಲ

ಉತ್ತರ: ಮರದಲ್ಲಿ ಕೆತ್ತಿ. ಆದರೆ ನಾವು ಸಾಮಾನ್ಯವಾಗಿ ನೋಡುವ ಮರದಚ್ಚಿಗೂ ಇದಕ್ಕೂ ವ್ಯತ್ಯಾಸವಿದೆ. ಹಲಗೆಯನ್ನು ಉದ್ದಕ್ಕೆ ಸೀಳಿ ಕೆತ್ತಿದರೆ ಉಳಿಯು ಮರದ ಎಳೆಗಳಿಗೆ ಸಿಕ್ಕಿ ಗೆರೆ ಒರಟಾಗುತ್ತದೆ. ಇವರು ಬಾಕ್ಸ್‌ವುಡ್ ಎಂಬ ಬಹಳ ಗಟ್ಟಿ ಮರದ ಕಾಂಡವನ್ನು ಅಡ್ಡಕ್ಕೆ ಕೊಯ್ದು, ಆ ಕೊಯ್ದ ಮುಖವನ್ನು ಕನ್ನಡಿಯಂತೆ ನಯಗೊಳಿಸಿ, ಅದರ ಮೇಲೆ ಸಣ್ಣ ಮೊನೆಯ ಉಳಿಯಿಂದ ಕೆತ್ತುತ್ತಿದ್ದರು. ಎಳೆಗಳು ನೆಟ್ಟಗೆ ನಿಂತಿರುವುದರಿಂದ ಯಾವ ದಿಕ್ಕಿಗೆ ತಿರುಗಿಸಿದರೂ ಉಳಿ ಸಲೀಸಾಗಿ ಹೋಗುತ್ತದೆ. ಬಾಕ್ಸ್‌ವುಡ್ಡಿನ ಕಾಂಡ ದಪ್ಪಗೆ ಬೆಳೆಯುವುದಿಲ್ಲವಾದ್ದರಿಂದ ದೊಡ್ಡ ಚಿತ್ರಕ್ಕೆ ಹಲವು ತುಂಡುಗಳನ್ನು ಬೋಲ್ಟು ಹಾಕಿ ಜೋಡಿಸುತ್ತಿದ್ದರು. ಹಳೆಯ ಪುಟಗಳನ್ನು ಬೆಳಕಿಗೆ ಹಿಡಿದು ನೋಡಿದರೆ ಕೆಲವೊಮ್ಮೆ ಚಿತ್ರದ ನಡುವೆ ಕೂದಲೆಳೆಯಷ್ಟು ತೆಳುವಾದ ಬಿಳಿ ಗೆರೆಯೊಂದು ನೆಟ್ಟಗೆ ಹಾದುಹೋಗಿರುತ್ತದೆ. ಅದು ತುಂಡುಗಳು ಕೂಡಿದ ಜಾಗ.

ಚಿತ್ರಕಾರನು ಬಿಳಿ ಬಳಿದ ಆ ಮರದ ಮೇಲೆಯೇ, ಅಚ್ಚಾದಾಗ ಸರಿಯಾಗಿ ಬರುವಂತೆ ಎಡಬಲ ತಿರುಗಿಸಿ, ಚಿತ್ರ ಬರೆದು ಕೊಡುತ್ತಿದ್ದನು. ಕೆತ್ತುವವನು ಬೇರೆ. ಅವನು ಗೆರೆಗಳನ್ನು ಉಳಿಸಿ ಬಿಳಿಯ ಜಾಗವನ್ನೆಲ್ಲ ತೆಗೆದುಹಾಕಬೇಕು. ಪಂಚ್‌ನಲ್ಲಿ ಈ ಕೆಲಸದ ಮುಖ್ಯಸ್ಥ ಜೋಸೆಫ್ ಸ್ವೇನ್. ಬುಧವಾರ ರಾತ್ರಿ ಸಂಪಾದಕ ಬಳಗ ಊಟಕ್ಕೆ ಕುಳಿತಾಗ ಆ ವಾರದ ದೊಡ್ಡ ಚಿತ್ರದ ವಿಷಯ ತೀರ್ಮಾನವಾಗುತ್ತಿತ್ತು. 1850ರಲ್ಲಿ ಪಂಚ್ ಸೇರಿದ ಜಾನ್ ಟೆನಿಯಲ್ ಗುರುವಾರವೆಲ್ಲ ಯೋಚಿಸಿ, ಶುಕ್ರವಾರ ಮರದ ಮೇಲೆ ಬರೆದು, ಅಂದೇ ಸಂಜೆ ಕೆತ್ತನೆಗೆ ಒಪ್ಪಿಸುತ್ತಿದ್ದರು. ಒಂದು ವಾರ ಕೂಡ ತಪ್ಪುವಂತಿರಲಿಲ್ಲ. ಆ ಊಟದ ಮೇಜಿನ ಮೇಲೆ ಬಳಗದವರು ಚಾಕುವಿನಿಂದ ತಮ್ಮ ಹೆಸರಿನ ಮೊದಲಕ್ಷರಗಳನ್ನು ಕೆತ್ತುವ ಪದ್ಧತಿಯೂ ಇತ್ತು.

ಮುಗಿದ ಅಚ್ಚಿನ ಎತ್ತರ ಅಕ್ಷರದ ಮೊಳೆಯ ಎತ್ತರಕ್ಕೆ ಸರಿಯಾಗಿರುತ್ತಿದ್ದುದೇ ಇದರ ದೊಡ್ಡ ಅನುಕೂಲ. ಮೊಳೆ ಜೋಡಿಸಿದ ಚೌಕಟ್ಟಿನಲ್ಲಿಯೇ ಚಿತ್ರವನ್ನೂ ಕೂರಿಸಿ, ಬರಹ ಮತ್ತು ಚಿತ್ರ ಎರಡನ್ನೂ ಒಂದೇ ಒತ್ತಿನಲ್ಲಿ ಮುದ್ರಿಸಬಹುದಿತ್ತು. ಆದ್ದರಿಂದಲೇ ಮೂರು ಪೆನ್ಸಿಗೆ ಮಾರುವ ಪತ್ರಿಕೆಯಲ್ಲಿ ಅಷ್ಟು ಚಿತ್ರಗಳು ಸಾಧ್ಯವಾದವು. ಇನ್ನೊಂದು ಸಂಗತಿಯನ್ನು ನೀವು ನಿಮ್ಮ ಸಹಪಾಠಿಗಳಿಗೂ ತೋರಿಸಬೇಕು. ಜಾನ್ ಲೀಚ್ ಎಂಬ ಚಿತ್ರಕಾರರ ಹೆಸರಿಗೆ ಇಂಗ್ಲಿಷಿನಲ್ಲಿ ಜಿಗಣೆ ಎಂಬ ಅರ್ಥವಿದೆ. ಅವರು ಕೆಲವೊಮ್ಮೆ ಸಹಿಯ ಬದಲಿಗೆ ಸೀಸೆಯೊಳಗಿರುವ ಒಂದು ಜಿಗಣೆಯನ್ನು ಬರೆಯುತ್ತಿದ್ದರು. ರಿಚರ್ಡ್ ಡಾಯಲ್ ತಮ್ಮ ಎರಡು ಅಕ್ಷರಗಳ ಮೇಲೆ ಒಂದು ಪುಟ್ಟ ಹಕ್ಕಿಯನ್ನು ಕೂರಿಸುತ್ತಿದ್ದರು. ಚಿತ್ರದ ಇನ್ನೊಂದು ಮೂಲೆಯಲ್ಲಿ ಸ್ವೇನ್ ಅವರ ಹೆಸರು ಇರುತ್ತದೆ. ಕೈ ಯಾರದ್ದೋ ಅವರ ಹೆಸರೂ ಪುಟದಲ್ಲಿ ಉಳಿಯಬೇಕೆಂಬ ಈ ಮರ್ಯಾದೆ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ಪ್ರಶ್ನೆ: ಡಿಕನ್ಸ್ ಕಾದಂಬರಿಗಳಲ್ಲಿರುವ ಚಿತ್ರಗಳನ್ನೂ ಇದೇ ಸಾಲಿಗೆ ಸೇರಿಸಬಹುದೇ? ಅವು ಕಥೆಗೆ ಬರೆದ ಚಿತ್ರಗಳಷ್ಟೇ ಅಲ್ಲವೇ?
— ಗ್ರಂಥಪಾಲಕರು, ಕುಂದಾಪುರ

ಉತ್ತರ: ಧಾರಾಳವಾಗಿ ಸೇರಿಸಬಹುದು. 1843ರ ಜನವರಿಯಿಂದ 1844ರ ಜುಲೈವರೆಗೆ ತಿಂಗಳ ಕಂತುಗಳಲ್ಲಿ ಬಂದ ‘ಮಾರ್ಟಿನ್ ಚಜಲ್‌ವಿಟ್’ ಕಾದಂಬರಿಯನ್ನೇ ತೆಗೆದುಕೊಳ್ಳಿ. ‘ಫಿಜ್’ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಹ್ಯಾಬ್ಲೊ ಬ್ರೌನ್ ಪ್ರತಿ ಕಂತಿಗೂ ಉಕ್ಕಿನ ತಗಡಿನ ಮೇಲೆ ಕೊರೆದ ಎರಡು ಚಿತ್ರಗಳನ್ನು ಕೊಡುತ್ತಿದ್ದರು. ಅವುಗಳಲ್ಲಿ ಒಂದರ ಹೆಸರು ‘ನಿರ್ದೇಶಕ ಮಂಡಳಿ’. ಕಥೆಯಲ್ಲಿ ಬರುವ ಆಂಗ್ಲೊ-ಬೆಂಗಾಲಿ ಎಂಬ ನಿಸ್ವಾರ್ಥ ಸಾಲ ಹಾಗೂ ಜೀವವಿಮಾ ಕಂಪನಿಗೆ ನಿಜವಾದ ಬಂಡವಾಳವೇ ಇಲ್ಲ. ಇದ್ದ ಆಸ್ತಿಯೆಲ್ಲ ಬಂಗಾಳದಲ್ಲಿದೆಯೆಂದು ಹೇಳಿಕೊಳ್ಳುತ್ತದೆ. ಲಂಡನ್ನಿನ ಗಿರಾಕಿ ಬಂಗಾಳಕ್ಕೆ ಹೋಗಿ ನೋಡಿ ಬರುವಂತಿಲ್ಲ. ಸ್ಥಾಪಕನು ತನ್ನ ಹಳೆಯ ಹೆಸರನ್ನೇ ಹಿಂದುಮುಂದು ಮಾಡಿ ಹೊಸ ಮನುಷ್ಯನಾಗಿದ್ದಾನೆ. ಇವೆಲ್ಲಕ್ಕಿಂತ ನನಗೆ ಮುಖ್ಯವಾಗಿ ಕಾಣುವುದು ಬಾಗಿಲಲ್ಲಿ ನಿಲ್ಲುವ ಕಾವಲುಗಾರನ ದೊಡ್ಡ ಕೆಂಪು ವೇಸ್ಟ್‌ಕೋಟ್. ಕಂಪನಿಯ ಗೌರವವೆಲ್ಲ ಆ ವೇಸ್ಟ್‌ಕೋಟಿನಲ್ಲಿಯೇ ನೆಲೆಸಿದೆ ಎಂದು ಡಿಕನ್ಸ್ ಬರೆಯುತ್ತಾರೆ; ಅದನ್ನು ನೋಡಿಯೇ ಜನ ಒಳಗೆ ಬಂದು ಹಣ ಕಟ್ಟುತ್ತಾರೆ.

ಇದು ಉತ್ಪ್ರೇಕ್ಷೆಯೆಂದು ನನಗೆ ಯಾವತ್ತೂ ಅನ್ನಿಸಿಲ್ಲ. 1990ರ ದಶಕದಲ್ಲಿ ಊರೂರುಗಳಲ್ಲಿ ತೇಗದ ಗಿಡಗಳ ಹೆಸರಿನಲ್ಲಿ ಹಣ ಸಂಗ್ರಹಿಸುವ ಕಂಪನಿಗಳು ಎದ್ದಾಗ, ಉಡುಪಿಯಲ್ಲಿದ್ದ ನಮ್ಮ ತಂದೆಯವರು ಅಂಥ ಒಂದು ಕಂಪನಿಗೆ ತಮ್ಮ ನಿವೃತ್ತಿಯ ಹಣದ ಒಂದು ಪಾಲನ್ನು ಕಟ್ಟಿದರು. ಅವರು ಲೆಕ್ಕದಲ್ಲಿ ಹುಷಾರಿನವರು. ಹಾಲಿನವನ ಚೀಟಿಯನ್ನು ಎರಡು ಸಲ ಕೂಡಿಸಿ ನೋಡುವವರು. ‘ಅಪ್ಪಯ್ಯ, ಏನು ನೋಡಿ ಕಟ್ಟಿದಿರಿ?’ ಎಂದು ಆಮೇಲೆ ನಾನು ಕೇಳಿದ್ದಕ್ಕೆ, ‘ಗಾಜಿನ ಬಾಗಿಲು ಇತ್ತು ಮಗಾ, ಬಾಗಿಲಲ್ಲಿ ನೀಲಿ ಸಮವಸ್ತ್ರದವನು ನಿಂತು ನಮಸ್ಕಾರ ಮಾಡಿದ’ ಎಂದರು. ಎರಡು ವರ್ಷಗಳಲ್ಲಿ ಆ ಬಾಗಿಲಿಗೆ ಬೀಗ ಬಿತ್ತು. ಹಸಿರು ಅಂಚಿನ, ಬಳ್ಳಿಯ ಚಿತ್ತಾರದ ಪ್ರಮಾಣಪತ್ರ ಮನೆಯ ಬೀರುವಿನಲ್ಲಿ ಇನ್ನೂ ಇದೆ. ಅದರ ಕಾಗದದ ದಪ್ಪವನ್ನು ಬೆರಳಲ್ಲಿ ಮುಟ್ಟಿ ನೋಡಿದಾಗಲೆಲ್ಲ ಆ ಕೆಂಪು ವೇಸ್ಟ್‌ಕೋಟ್ ನೆನಪಾಗುತ್ತದೆ. ನಿಮ್ಮ ಗ್ರಂಥಾಲಯದಲ್ಲಿ ಈ ಕಾದಂಬರಿಯ ಚಿತ್ರಗಳಿರುವ ಪ್ರತಿಯಿದ್ದರೆ, ಆ ಪುಟವನ್ನು ತೆರೆದು ಪ್ರದರ್ಶನ ಪೆಟ್ಟಿಗೆಯಲ್ಲಿ ಇಡಬೇಕೆಂದು ನನ್ನ ವಿನಂತಿ.

ಪ್ರಶ್ನೆ: ಷೇರುಪೇಟೆಯ ಗೂಳಿ, ಕರಡಿ ಗೊತ್ತು. ಕಳೆದ ಸಂಚಿಕೆಯಲ್ಲಿ ನೀವು ಪ್ರಸ್ತಾಪಿಸಿದ ‘ಗಂಡು ಜಿಂಕೆ’ ಯಾವುದು? ಐಪಿಒಗೆ ಅರ್ಜಿ ಹಾಕಿ ಮೊದಲ ದಿನವೇ ಮಾರಿಬಿಡುವ ನಮ್ಮಂಥವರನ್ನು ಅದು ಸೂಚಿಸುತ್ತದೆಯೇ?
— ಲೆಕ್ಕಪರಿಶೋಧನೆ ಕಲಿಯುತ್ತಿರುವ ಯುವಕ, ಕದ್ರಿ, ಮಂಗಳೂರು

ಉತ್ತರ: ಹೌದು, ಹೆಸರು ಅಲ್ಲಿಂದಲೇ ಬಂದಿದೆ. ಹೊಸ ಕಂಪನಿಯ ಷೇರಿಗೆ ಅರ್ಜಿ ಹಾಕಿ, ಹಂಚಿಕೆಯ ಪತ್ರ ಕೈಗೆ ಬಂದೊಡನೆ ಬೆಲೆ ಏರಿದಲ್ಲಿ ಮಾರಿ ಓಡುವವನನ್ನು ರೈಲ್ವೆ ಹುಚ್ಚಿನ ಕಾಲದ ಲಂಡನ್ನಿನಲ್ಲಿ ‘ಸ್ಟ್ಯಾಗ್’, ಅಂದರೆ ಗಂಡು ಜಿಂಕೆ ಎನ್ನುತ್ತಿದ್ದರು. ಷೇರು ವಿನಿಮಯ ಕೇಂದ್ರವಿದ್ದ ಕ್ಯಾಪೆಲ್ ಕೋರ್ಟಿನ ಸುತ್ತಮುತ್ತ ಇಂಥವರ ಓಡಾಟ ವಿಪರೀತವಾಗಿತ್ತು. ಒಬ್ಬನೇ ಹಲವು ಹೆಸರುಗಳಲ್ಲಿ, ಇಲ್ಲದ ವಿಳಾಸಗಳಿಂದ ಅರ್ಜಿ ಹಾಕುತ್ತಿದ್ದನು. ಬೆಲೆ ಏರಿದರೆ ಪತ್ರ ಮಾರುವುದು, ಇಳಿದರೆ ಮೊದಲ ಕಂತನ್ನೂ ಕಟ್ಟದೆ ಕಣ್ಮರೆಯಾಗುವುದು. ಈಗ ನಿಮ್ಮ ಹಣ ಮೊದಲೇ ಬ್ಯಾಂಕಿನಲ್ಲಿ ತಡೆಹಿಡಿಯಲ್ಪಡುತ್ತದೆ, ಒಂದು ಪ್ಯಾನ್ ಸಂಖ್ಯೆಗೆ ಒಂದೇ ಅರ್ಜಿ. ಆದ್ದರಿಂದ ನೀವು ಮಾಡುತ್ತಿರುವುದರಲ್ಲಿ ಕಾನೂನಿನ ತಪ್ಪೇನೂ ಇಲ್ಲ, ಮೋಸವೂ ಇಲ್ಲ. ಆದರೆ ಕಂಪನಿ ಏನು ತಯಾರಿಸುತ್ತದೆ ಎಂದು ಓದದೆಯೇ ಅರ್ಜಿ ಹಾಕುವ ಅಭ್ಯಾಸ ಮಾತ್ರ ಆಗಿನದ್ದೇ, ಮತ್ತು ಪಂಚ್‌ನ ಚಿತ್ರಕಾರರಿಗೆ ಕಂಡದ್ದೂ ಅದೇ. 1845ರಲ್ಲಿ ಲೀಚ್ ಬರೆದ ಒಂದು ಚಿತ್ರದಲ್ಲಿ ಸ್ವತಃ ವಿಕ್ಟೋರಿಯಾ ರಾಣಿಯು ಗಂಡನನ್ನು, ‘ಹೇಳಿ ಪ್ರಿಯ ಆಲ್ಬರ್ಟ್, ನಿಮ್ಮ ಬಳಿ ರೈಲ್ವೆ ಷೇರುಗಳೇನಾದರೂ ಇವೆಯೇ?’ ಎಂದು ಆತಂಕದಿಂದ ಕೇಳುತ್ತಾಳೆ. ಅರಮನೆಯಲ್ಲಿಯೂ ಹಾಗೆ ಕೇಳಬೇಕಾದ ದಿನ ಬಂತೆಂದರೆ ಉಳಿದ ಮನೆಗಳ ಕಥೆಯನ್ನು ಬೇರೆ ಹೇಳಬೇಕಾಗಿರಲಿಲ್ಲ.

ಪ್ರಶ್ನೆ: ಈ ಚಿತ್ರಗಳನ್ನು ನೀವು ಬಹಳ ಮೆಚ್ಚಿ ಬರೆಯುತ್ತೀರಿ. ಆದರೆ ಅವು ನಗುವುದು ಯಾರನ್ನು? ಮನೆಮನೆಗೆ ಹೋಗಿ ಪಿಗ್ಮಿ ಹಣ ಸಂಗ್ರಹಿಸುವ ಕೆಲಸವನ್ನು ಇಪ್ಪತ್ತೆರಡು ವರ್ಷ ಮಾಡಿದವಳು ನಾನು. ಹತ್ತಿಪ್ಪತ್ತು ರೂಪಾಯಿ ಕೂಡಿಸುವವರ ಆಸೆಯನ್ನು ದೊಡ್ಡವರು ಯಾವಾಗಲೂ ನಗೆಪಾಟಲು ಮಾಡುತ್ತಾರೆ. ಆ ಚಿತ್ರಗಳೂ ಅದನ್ನೇ ಮಾಡಲಿಲ್ಲವೇ?
— ಕಲ್ಸಂಕ, ಉಡುಪಿ

ಉತ್ತರ: ನಿಮ್ಮ ಪ್ರಶ್ನೆ ನ್ಯಾಯವಾದದ್ದು, ಅಕ್ಕ. ಬಂದ ಪತ್ರಗಳಲ್ಲೆಲ್ಲ ನನ್ನನ್ನು ಹೆಚ್ಚು ಹೊತ್ತು ಯೋಚಿಸುವಂತೆ ಮಾಡಿದ್ದು ಇದು. ಹೌದು, ಮಾಡಿದವು. ಪಂಚ್ ಓದುತ್ತಿದ್ದವರು ಬಹುಮಟ್ಟಿಗೆ ಅನುಕೂಲಸ್ಥ ಮಧ್ಯಮ ವರ್ಗದವರು; ಅವರ ಅಸಮಾಧಾನಗಳೇ ಅನೇಕ ಸಲ ಚಿತ್ರಗಳ ಅಸಮಾಧಾನಗಳೂ ಆದವು. 1845ರಿಂದ 1846ರವರೆಗೆ ಪಂಚ್‌ನಲ್ಲಿ ಕಾದಂಬರಿಕಾರ ಥ್ಯಾಕರೆಯವರು ಬರೆದ ಒಂದು ಸರಣಿಯಲ್ಲಿ ಮನೆಗೆಲಸದ ಆಳೊಬ್ಬ ರೈಲ್ವೆ ಷೇರಿನಿಂದ ಸಿರಿವಂತನಾಗಿ, ಹೆಸರು ಬದಲಿಸಿಕೊಂಡು ದೊಡ್ಡ ಮನುಷ್ಯನಂತೆ ನಡೆಯತೊಡಗುತ್ತಾನೆ. ಅಲ್ಲಿ ನಗೆಯ ಬಹುಪಾಲು ಅವನ ತಪ್ಪು ಕಾಗುಣಿತದ ಮೇಲೆ ನಿಂತಿದೆ. ಯಜಮಾನನೂ ಆಳೂ ಅದೇ ಷೇರನ್ನು ಅದೇ ಆಸೆಯಿಂದ ಕೊಂಡಿರುವಾಗ ಆಳಿನ ಕಾಗುಣಿತಕ್ಕೆ ನಗುವುದನ್ನು ನಾನು ಒಪ್ಪಲಾರೆ. ಮುಂದಿನ ದಶಕಗಳಲ್ಲಿ ಜಾರ್ಜ್ ಡು ಮೊರಿಯೆ ಸೃಷ್ಟಿಸಿದ ಸರ್ ಗಾರ್ಜಿಯಸ್ ಮಿಡಾಸ್ ಎಂಬ ಹೊಸ ಶ್ರೀಮಂತನ ಚಿತ್ರಗಳಲ್ಲಿಯೂ ಇದೇ ದೋಷವಿದೆ: ಹಣ ಹೇಗೆ ಬಂತು ಎಂಬುದಕ್ಕಿಂತ ಅದು ತಲೆತಲಾಂತರದಿಂದ ಬಂದದ್ದಲ್ಲ ಎಂಬುದೇ ಅಪರಾಧವೆಂಬಂತೆ ಕಾಣುತ್ತದೆ. ಇನ್ನು ಯೆಹೂದಿಗಳನ್ನು ಲೇವಾದೇವಿಗಾರರೆಂದೂ ಮೋಸಗಾರರೆಂದೂ ಒಂದೇ ಅಚ್ಚಿನಲ್ಲಿ ಬರೆದ ಚಿತ್ರಗಳು ಆ ಕಾಲದಲ್ಲಿ ಬೇಕಾದಷ್ಟಿವೆ. ಅವನ್ನು ಇಂದು ಮರುಮುದ್ರಿಸುವಾಗ ಸುಮ್ಮನೆ ‘ಆ ಕಾಲದ ರುಚಿ’ ಎಂದು ದಾಟಿಹೋಗುವುದು ಸರಿಯಲ್ಲ.

ನಮಗೆ ನೇರವಾಗಿ ತಾಕುವ ಇನ್ನೊಂದು ಚಿತ್ರವಿದೆ. 1845ರಲ್ಲಿ ಪಂಚ್ ‘ರೈಲ್ವೆ ಜಗರ್ನಾಟ್’ ಎಂಬ ಚಿತ್ರವನ್ನು ಪ್ರಕಟಿಸಿತು. ರೈಲು ಎಂಜಿನನ್ನು ದೇವರಂತೆ ಪೂಜಿಸಿ, ಹೂಡಿಕೆದಾರರು ಅದರ ಗಾಲಿಯಡಿಗೆ ತಾವಾಗಿ ಬೀಳುತ್ತಾರೆ ಎಂಬುದು ಅದರ ಭಾವ. ಆ ಪದ ನಮ್ಮ ಪುರಿಯ ಜಗನ್ನಾಥ ಎಂಬುದರಿಂದ ಬಂದದ್ದು. ಭಕ್ತರು ಮುಕ್ತಿಗಾಗಿ ರಥದ ಗಾಲಿಗೆ ಬೀಳುತ್ತಾರೆಂದು ಇಂಗ್ಲೆಂಡಿನಲ್ಲಿ ಹಬ್ಬಿದ್ದ ಕಥೆಯೇ ಅದರ ಆಧಾರ. ಉಡುಪಿಯ ರಥಬೀದಿಯಲ್ಲಿ ಹಗ್ಗ ಹಿಡಿದು ನಿಂತವರಿಗೆಲ್ಲ ಗೊತ್ತು: ರಥ ಹೊರಡುವಾಗ ಎಷ್ಟು ಕೂಗು, ಎಷ್ಟು ಎಚ್ಚರಿಕೆ, ಗಾಲಿಗೆ ಅಡ್ಡ ಕೊಡುವವರ ಕಣ್ಣು ಎಷ್ಟು ಚುರುಕಾಗಿರುತ್ತದೆ, ಮಕ್ಕಳನ್ನು ಹೇಗೆ ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ತನ್ನ ಊರಿನ ಮರುಳನ್ನು ಹಳಿಯಲು ಚಿತ್ರಕಾರ ದೂರದ ಊರಿನವರ ಭಕ್ತಿಯನ್ನು ಮರುಳಿನ ಮಾದರಿಯಾಗಿ ಬಳಸಿಕೊಂಡನು. ಚಿತ್ರದ ಏಟು ಇಂಗ್ಲೆಂಡಿನ ಷೇರುದಾರನಿಗೆ ಸರಿಯಾಗಿ ಬಿದ್ದಿದೆ. ಆದರೆ ಎತ್ತಿದ ಕೋಲು ನಮ್ಮದು ಎಂಬ ನೋವು ನನಗೆ ಅದನ್ನು ನೋಡುವಾಗಲೆಲ್ಲ ಇದ್ದೇ ಇದೆ.

ಹಾಗೆಂದು ಎಲ್ಲವೂ ಹೀಗಿರಲಿಲ್ಲ. ಅದೇ ವರ್ಷ ಜಾರ್ಜ್ ಕ್ರೂಕ್‌ಶಾಂಕ್ ಬರೆದ ‘ರೈಲ್ವೆ ಡ್ರ್ಯಾಗನ್’ ಚಿತ್ರದಲ್ಲಿ ಎಂಜಿನ್ ರಾಕ್ಷಸನ ರೂಪ ತಾಳಿ ಮನೆಯೊಳಗೆ ನುಗ್ಗಿ, ಸಂಸಾರ ಕುಳಿತ ಹಬ್ಬದ ಊಟದ ಮೇಜಿನ ಮೇಲಿದ್ದದ್ದನ್ನೆಲ್ಲ ಕಬಳಿಸುತ್ತದೆ. ಅಲ್ಲಿ ನಗು ಇಲ್ಲವೆನ್ನುವಷ್ಟು ಕಡಿಮೆ, ಭಯ ಹೆಚ್ಚು; ಚಿತ್ರಕಾರನ ಮನಸ್ಸು ಊಟ ಕಳೆದುಕೊಂಡವರ ಕಡೆಗೆ ಇದೆ. ಹೂಡಿಕೆದಾರರೆಂದರೆ ದುರಾಸೆಯವರು ಎಂಬುದೂ ಪೂರ್ತಿ ಸತ್ಯವಲ್ಲ. ಕಾದಂಬರಿಗಾರ್ತಿಯರಾದ ಬ್ರಾಂಟೆ ಸಹೋದರಿಯರ ಅಲ್ಪಸ್ವಲ್ಪ ಉಳಿತಾಯವೂ ಹಡ್ಸನ್ನನ ಯಾರ್ಕ್ ಅಂಡ್ ನಾರ್ತ್ ಮಿಡ್‌ಲ್ಯಾಂಡ್ ರೈಲ್ವೆಯ ಷೇರುಗಳಲ್ಲಿತ್ತು. ಆಧಾರವಿಲ್ಲದ ಹೆಣ್ಣುಮಕ್ಕಳು ವರ್ಷಕ್ಕೆ ನಾಲ್ಕು ಕಾಸು ಬರಲಿ ಎಂದು ಇಟ್ಟ ಹಣ ಅದು. ನೀವು ಇಪ್ಪತ್ತೆರಡು ವರ್ಷ ನಡೆದ ದಾರಿಯ ಮೊದಲನ್ನು ನೋಡಿ: 1928ರಲ್ಲಿ ಉಡುಪಿಯಲ್ಲಿ ಪಿಗ್ಮಿ ಠೇವಣಿ ಆರಂಭವಾದಾಗ ದಿನಕ್ಕೆ ಎರಡಾಣೆಯಿಂದಲೇ ಉಳಿತಾಯ ಮಾಡಬಹುದಿತ್ತು, ಹಣ ಕೇಳಲು ಬ್ಯಾಂಕಿನವರೇ ಬಾಗಿಲಿಗೆ ಬರುತ್ತಿದ್ದರು. ಅಲ್ಲಿ ಕೆಂಪು ವೇಸ್ಟ್‌ಕೋಟ್ ಬೇಕಾಗಿರಲಿಲ್ಲ. ನಾಳೆ ಪುನಃ ಅದೇ ಮುಖ ಬಾಗಿಲಿಗೆ ಬರಬೇಕಿತ್ತು. ನಂಬಿಕೆಗೆ ಆಧಾರ ಅಷ್ಟೇ.

ಪ್ರಶ್ನೆ: ಕಂಪನಿ ಮುಳುಗಿದರೆ ಷೇರುದಾರನ ಮನೆಮಠ ಹೋಗುವುದಿಲ್ಲ ಎಂಬ ‘ಲಿಮಿಟೆಡ್’ ವ್ಯವಸ್ಥೆ ಆಗ ಇರಲಿಲ್ಲವೇ? ಹೊಣೆಗಾರಿಕೆಯ ಬಗ್ಗೆ ಚಿತ್ರಗಳೇನಾದರೂ ಬಂದಿವೆಯೇ?
— ವಕೀಲರು, ಉಡುಪಿ

ಉತ್ತರ: ಸಾಮಾನ್ಯ ಕಂಪನಿಗಳಿಗೆ ಆ ರಕ್ಷಣೆ ಬಂದದ್ದು 1855ರ ಕಾಯಿದೆಯಿಂದ. ಆಮೇಲೆಯೂ ಹಳೆಯ ರೀತಿಯಲ್ಲಿಯೇ ಮುಂದುವರಿದ ಬ್ಯಾಂಕುಗಳಿದ್ದವು. 1878ರ ಅಕ್ಟೋಬರಿನಲ್ಲಿ ಸಿಟಿ ಆಫ್ ಗ್ಲಾಸ್ಗೊ ಬ್ಯಾಂಕ್ ಮುಳುಗಿದಾಗ, 100 ಪೌಂಡಿನ ಷೇರಿದ್ದವರು ಒಟ್ಟು 2,750 ಪೌಂಡ್ ತುಂಬಿಕೊಡಬೇಕಾಯಿತು. 1,819 ಷೇರುದಾರರಲ್ಲಿ ದಿವಾಳಿಯಾಗದೆ ಉಳಿದವರು 254 ಮಂದಿ. ನಿರ್ದೇಶಕರು ಜೈಲಿಗೆ ಹೋದರು. ಹೊಣೆಗಾರಿಕೆಯನ್ನು ಕುರಿತು ನಾನು ಮರೆಯಲಾಗದ ಚಿತ್ರವೆಂದರೆ 1853ರಲ್ಲಿ ಪಂಚ್‌ನಲ್ಲಿ ಬಂದದ್ದು. ರೈಲು ಅಪಘಾತಗಳನ್ನು ತಡೆಯಲು ಅದು ಒಂದು ಉಪಾಯ ಹೇಳುತ್ತದೆ: ಹೊರಡುವ ಪ್ರತಿ ಎಂಜಿನ್ನಿಗೂ ಕಂಪನಿಯ ಒಂದಿಬ್ಬರು ನಿರ್ದೇಶಕರನ್ನು ಕಟ್ಟಿ ಕಳಿಸಬೇಕು. ಅಪಾಯವನ್ನು ತೀರ್ಮಾನಿಸುವವನೇ ಅದನ್ನು ಅನುಭವಿಸುವ ಜಾಗದಲ್ಲಿಯೂ ಇರಲಿ ಎಂಬ ವಾದವನ್ನು ಇದಕ್ಕಿಂತ ಚೊಕ್ಕವಾಗಿ ನಿಮ್ಮ ನ್ಯಾಯಾಲಯದಲ್ಲಿಯೂ ಮಂಡಿಸಲಾಗದು.

1890ರ ನವೆಂಬರಿನಲ್ಲಿ ಅರ್ಜೆಂಟೀನಾದ ಸಾಲಪತ್ರಗಳಲ್ಲಿ ಸಿಕ್ಕಿಬಿದ್ದ ಬೇರಿಂಗ್ ಮನೆತನದ ಬ್ಯಾಂಕನ್ನು ಬ್ಯಾಂಕ್ ಆಫ್ ಇಂಗ್ಲೆಂಡ್ ಮುಂದೆ ನಿಂತು ಉಳಿಸಿತು. ಆ ತಿಂಗಳು ಟೆನಿಯಲ್ ಬರೆದ ಚಿತ್ರದ ಹೆಸರು ‘ಅದೇ ಹಳೆಯ ಆಟ’. ಬ್ಯಾಂಕ್ ಆಫ್ ಇಂಗ್ಲೆಂಡನ್ನು ಮುದುಕಿಯಂತೆ ಬರೆಯುವ ರೂಢಿ 1797ರ ಜೇಮ್ಸ್ ಗಿಲ್‌ರೇ ಅವರ ಚಿತ್ರದಿಂದ ಬಂದದ್ದು. ಅಲ್ಲಿ ಅವಳ ಉಡುಗೆಯೇ ಒಂದು ಪೌಂಡಿನ ನೋಟುಗಳದ್ದು, ಕುಳಿತದ್ದು ಬೀಗ ಹಾಕಿದ ಪೆಟ್ಟಿಗೆಯ ಮೇಲೆ. ಟೆನಿಯಲ್ಲರ ಮುದುಕಿ ಜೂಜಾಡಿ ಕೆಟ್ಟವರನ್ನು ಬೈದು, ‘ಈ ಒಂದು ಸಲಕ್ಕೆ ನಿಮ್ಮನ್ನು ಬಿಡಿಸುತ್ತೇನೆ’ ಎನ್ನುತ್ತಾಳೆ. ಚಿತ್ರದ ಹೆಸರು ಮತ್ತು ಅವಳ ಮಾತು ಎರಡನ್ನೂ ಒಟ್ಟಿಗೆ ಓದಬೇಕು.

ಪ್ರಶ್ನೆ: ಆ ಕಾಲದಲ್ಲಿ ಕನ್ನಡದಲ್ಲಿ ಇಂಥದ್ದು ಏನಾದರೂ ಇತ್ತೇ?
— ಪುತ್ತೂರು

ಉತ್ತರ: ವ್ಯಂಗ್ಯಚಿತ್ರವಲ್ಲ, ಆದರೆ ಒಂದು ಕಾಕತಾಳೀಯವನ್ನು ನೆನೆಯಬೇಕು. ಪಂಚ್ ಆರಂಭವಾದ 1841ರಲ್ಲಿಯೇ ಮಂಗಳೂರಿನಲ್ಲಿ ಬಾಸೆಲ್ ಮಿಶನ್ ಮುದ್ರಣಾಲಯವೂ ಆರಂಭವಾಯಿತು. ಹರ್ಮನ್ ಮೊಗ್ಲಿಂಗ್ ಅವರು ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಕಲ್ಲಚ್ಚಿನಲ್ಲಿ ಹೊರತಂದದ್ದು 1843ರ ಜುಲೈ 1ರಂದು. ಅದಾದ ಹದಿನಾಲ್ಕು ದಿನಗಳಿಗೆ, ಜುಲೈ 15ರಂದು, ಪಂಚ್ ಲೀಚ್ ಅವರ ಚಿತ್ರವೊಂದಕ್ಕೆ ‘ಕಾರ್ಟೂನ್’ ಎಂದು ಹೆಸರಿಟ್ಟಿತು. ಆ ಪದಕ್ಕೆ ಈಗಿನ ಅರ್ಥ ಬಂದದ್ದು ಅಲ್ಲಿಂದ. ಅದಕ್ಕೆ ಮುಂಚೆ ಗೋಡೆಚಿತ್ರಕ್ಕಾಗಿ ದಪ್ಪ ಕಾಗದದ ಮೇಲೆ ಬರೆದುಕೊಳ್ಳುವ ಪೂರ್ವಸಿದ್ಧತೆಯ ಚಿತ್ರಕ್ಕೆ ಹಾಗೆನ್ನುತ್ತಿದ್ದರು. ಪಂಚ್‌ನ ಹೆಸರನ್ನೇ ಇಟ್ಟುಕೊಂಡು 1877ರಲ್ಲಿ ಲಖನೌದಿಂದ ‘ಅವಧ್ ಪಂಚ್’ ಉರ್ದುವಿನಲ್ಲಿ ಬಂತು. ಕನ್ನಡದಲ್ಲಿ ಹಾಸ್ಯಕ್ಕೇ ಮೀಸಲಾಗಿ ಹೆಸರು ಮಾಡಿದ್ದು 1942ರಲ್ಲಿ ಡಾ. ಎಂ. ಶಿವರಾಂ ಅವರು ಆರಂಭಿಸಿದ ‘ಕೊರವಂಜಿ’, ಆರ್. ಕೆ. ಲಕ್ಷ್ಮಣ್ ಅವರ ಆರಂಭದ ಚಿತ್ರಗಳು ಅದರಲ್ಲಿವೆ.

ಪ್ರಶ್ನೆ: ಈ ಚಿತ್ರಗಳನ್ನು ಖರ್ಚಿಲ್ಲದೆ ನೋಡುವ ದಾರಿ ಇದೆಯೇ? ಹೈಸ್ಕೂಲ್ ಮಕ್ಕಳಿಗೆ ತೋರಿಸಬೇಕೆಂದಿದ್ದೇನೆ.
— ಸಮಾಜ ವಿಜ್ಞಾನ ಶಿಕ್ಷಕರು, ಸುರತ್ಕಲ್

ಉತ್ತರ: ಇದೆ, ಮಾಸ್ಟ್ರೇ. ಜರ್ಮನಿಯ ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯದ ಗ್ರಂಥಾಲಯವು ಪಂಚ್‌ನ ಹಳೆಯ ಸಂಪುಟಗಳನ್ನು ಸ್ಕ್ಯಾನ್ ಮಾಡಿ ಅಂತರ್ಜಾಲದಲ್ಲಿ ಎಲ್ಲರಿಗೂ ಉಚಿತವಾಗಿ ಇಟ್ಟಿದೆ. 1845ರ ಸಂಪುಟಗಳಿಂದ ಆರಂಭಿಸಿ. ಹಡ್ಸನ್ ಮತ್ತು ರೈಲ್ವೆ ಷೇರುಗಳ ಕುರಿತ ಚಿತ್ರಗಳು ಅಲ್ಲಿ ದಟ್ಟವಾಗಿವೆ. ತರಗತಿಯಲ್ಲಿ ತೋರಿಸುವಾಗ ಮೊದಲು ಚಿತ್ರದ ಕೆಳಗಿನ ಬರಹವನ್ನು ಕಾಗದದಿಂದ ಮುಚ್ಚಿಡಿ. ಬಾಗಿದವರು ಎಷ್ಟು ಮಂದಿ, ಯಾರ ಟೋಪಿ ಕೈಯಲ್ಲಿದೆ, ಯಾರದ್ದು ತಲೆಯ ಮೇಲೆಯೇ ಇದೆ ಎಂದು ಮಕ್ಕಳೇ ಎಣಿಸಿ ಹೇಳಲಿ. ಕೊನೆಗೆ ಮೂಲೆಯನ್ನು ದೊಡ್ಡದು ಮಾಡಿ ತೋರಿಸಿ. ಸೀಸೆಯೊಳಗಿನ ಜಿಗಣೆಯನ್ನು ಮೊದಲು ಯಾರು ಕಂಡುಹಿಡಿಯುತ್ತಾರೆಂದು ನನಗೂ ಒಂದು ಕಾರ್ಡು ಬರೆದು ತಿಳಿಸಿ.